ಬೀಚಿನಲ್ಲಿ ಫೋನ್ ಹೋದರೆ: ‘ಕಳೆದಿದೆ’ ಎಂದು ಬರೆಯುವ ಮುನ್ನ

ಭಾನುವಾರ ಸಂಜೆ ಮಲ್ಪೆಯಲ್ಲೋ ಪಣಂಬೂರಿನಲ್ಲೋ ಒಂದು ಸುತ್ತು ಹಾಕಿ ನೋಡಿ. ನೀರಿನಿಂದ ಇಪ್ಪತ್ತು ಹೆಜ್ಜೆ ದೂರದಲ್ಲಿ ಚಪ್ಪಲಿಗಳ ಗುಡ್ಡೆ, ಮೇಲೊಂದು ಟವೆಲ್. ಟವೆಲ್ಲಿನಡಿ, ಚಪ್ಪಲಿಯೊಳಗೆ ತುರುಕಿದ ಮೊಬೈಲು. ಇಲ್ಲಿ ಯಾರು ಹುಡುಕ್ತಾರೆ ಅಂತ ನಾವೆಲ್ಲ ಅಂದುಕೊಳ್ಳುವ ಜಾಗವೇ ಅದು. ಹುಡುಕುವವನು ಮೊದಲು ಕೈಹಾಕುವುದೂ ಅಲ್ಲಿಗೇ. ನೀರಾಟ ಮುಗಿಸಿ ಬಂದಾಗ ಚಪ್ಪಲಿ ಇದ್ದು ಫೋನ್ ಇಲ್ಲವೆಂದರೆ ಏನು ಮಾಡಬೇಕು?

ಹೊರಡುವ ಮೊದಲು

*#06# ಒತ್ತಿದರೆ 15 ಅಂಕಿಯ ಐಎಂಇಐ ಸಂಖ್ಯೆ ತೆರೆಯ ಮೇಲೆ ಬರುತ್ತದೆ. ಎರಡು ಸಿಮ್‌ನ ಫೋನಾದರೆ ಎರಡು ಸಂಖ್ಯೆ. ಅದನ್ನು ಒಂದು ಚೀಟಿಯಲ್ಲಿ ಬರೆದು, ಖರೀದಿ ಬಿಲ್ಲಿಗೆ ಪಿನ್ ಮಾಡಿ ಮನೆಯಲ್ಲಿಡಿ. ಫೋನಿನ ಗ್ಯಾಲರಿಯಲ್ಲಷ್ಟೇ ಇಟ್ಟುಕೊಂಡರೆ ಫೋನಿನ ಜೊತೆ ಅದೂ ಹೋಯಿತು.

ಕಳೆದದ್ದೋ, ಕದ್ದದ್ದೋ?

ದೋಣಿಯಿಂದ ಜಾರಿ ನೀರಿಗೆ ಬಿದ್ದರೆ ಅದು ಕಳೆದದ್ದು. ಅದಕ್ಕೆ ರಾಜ್ಯ ಪೊಲೀಸರ ಇ-ಲಾಸ್ಟ್ ಸೇವೆಯಲ್ಲಿ ವರದಿ ಸಲ್ಲಿಸಿ ಸ್ವೀಕೃತಿ ಪಡೆಯಬಹುದು. ಆದರೆ ಅದು ಕಳ್ಳತನದ ದೂರಲ್ಲ. ಟವೆಲ್ಲಿನಡಿಯಿಂದ ಫೋನ್ ಮಾತ್ರ ಮಾಯವಾಗಿದ್ದರೆ ಅದು ಭಾರತೀಯ ನ್ಯಾಯ ಸಂಹಿತೆಯ ಕಲಂ 303(2)ರ ಕಳ್ಳತನ. 3 ವರ್ಷದವರೆಗೆ ಜೈಲು, ದಂಡ ಅಥವಾ ಎರಡೂ. ಕೈಯಿಂದ ಕಸಿದು ಓಡಿದರೆ ಕಲಂ 304. ‘ಕಳೆದಿದೆ ಅಂತ ಬರ್ಕೊಟ್ಬಿಡಿ, ಬೇಗ ಮುಗಿಯುತ್ತೆ’ ಎಂದು ಯಾರೇ ಹೇಳಲಿ, ನಡೆದದ್ದನ್ನು ನಡೆದಂತೆಯೇ ಬರೆಯಿರಿ. ಜಾಗ, ಸಮಯ, ಮಾಡೆಲ್, ಐಎಂಇಐ, ಬೆಲೆ ಇಷ್ಟೂ ದೂರಿನಲ್ಲಿರಲಿ.

ಊರಿಗೆ ಹೋಗುವ ಬಸ್ಸು ಹೊರಟಿದ್ದರೆ?

ಹುಬ್ಬಳ್ಳಿಯವರ ಫೋನ್ ಮಲ್ಪೆಯಲ್ಲಿ ಕಳುವಾದರೂ ಹುಬ್ಬಳ್ಳಿಯಲ್ಲೇ ದೂರು ಕೊಡಬಹುದು. 2024ರ ಜುಲೈ 1ರಿಂದ ಜಾರಿಯಲ್ಲಿರುವ ಭಾರತೀಯ ನಾಗರಿಕ ಸುರಕ್ಷಾ ಸಂಹಿತೆಯ ಕಲಂ 173ರ ಪ್ರಕಾರ, ಸಂಜ್ಞೇಯ ಅಪರಾಧ (ಮ್ಯಾಜಿಸ್ಟ್ರೇಟರ ಅಪ್ಪಣೆಯಿಲ್ಲದೆ ಪೊಲೀಸರು ತನಿಖೆ ಮಾಡಬಹುದಾದದ್ದು) ಎಲ್ಲೇ ನಡೆದಿರಲಿ, ಯಾವ ಠಾಣೆಯಲ್ಲಾದರೂ ಮಾಹಿತಿ ಕೊಡಬಹುದು. ಇದೇ ‘ಝೀರೋ ಎಫ್‌ಐಆರ್’. ವಿದ್ಯುನ್ಮಾನ ಮಾಧ್ಯಮದಲ್ಲಿ ಕಳಿಸಿದರೆ 3 ದಿನದೊಳಗೆ ನೀವು ಸಹಿ ಹಾಕಬೇಕು. ದಾಖಲಾದ ಮಾಹಿತಿಯ ಪ್ರತಿಯನ್ನು ಪೊಲೀಸರು ಉಚಿತವಾಗಿ ಕೊಡಬೇಕು. ಠಾಣೆಯಲ್ಲಿ ದೂರು ತೆಗೆದುಕೊಳ್ಳದಿದ್ದರೆ ಜಿಲ್ಲಾ ಪೊಲೀಸ್ ವರಿಷ್ಠಾಧಿಕಾರಿಗೆ ಅಂಚೆಯಲ್ಲಿ ಬರೆಯಿರಿ. ಅಲ್ಲೂ ಆಗದಿದ್ದರೆ ಮ್ಯಾಜಿಸ್ಟ್ರೇಟರ ಮುಂದೆ ಅರ್ಜಿ.

ಫೋನಿಗೆ ಬೀಗ, ಹಣಕ್ಕೂ ಬೀಗ

ಜೊತೆಗಿದ್ದವರ ಫೋನಿನಿಂದ ಮೊದಲ ಕರೆ ಬ್ಯಾಂಕಿಗೆ, ಎರಡನೆಯದು ಸಿಮ್ ಕಂಪನಿಗೆ. ಹಣ ಆಗಲೇ ಹೋಗಿದ್ದರೆ ಸೈಬರ್ ವಂಚನೆಯ ಸಹಾಯವಾಣಿ 1930ಕ್ಕೆ. ನಿಮ್ಮ ಅಜಾಗರೂಕತೆಯಿಂದ ಹಣ ಹೋಗಿದ್ದರೆ, ಬ್ಯಾಂಕಿಗೆ ತಿಳಿಸುವವರೆಗಿನ ನಷ್ಟ ನಿಮ್ಮದು, ತಿಳಿಸಿದ ಮೇಲಿನದು ಬ್ಯಾಂಕಿನದು. 2017ರ ಜುಲೈನ ರಿಸರ್ವ್ ಬ್ಯಾಂಕ್ ಸುತ್ತೋಲೆ ಹಾಗೆನ್ನುತ್ತದೆ. ದೂರು ಹೇಳಿದ ಹೊತ್ತನ್ನೂ ಬ್ಯಾಂಕ್ ಕೊಟ್ಟ ಸಂಖ್ಯೆಯನ್ನೂ ಬರೆದಿಟ್ಟುಕೊಳ್ಳಿ.

ಆಮೇಲೆ ಅದೇ ನಂಬರಿನ ಹೊಸ ಸಿಮ್ ಪಡೆದು, ಕೇಂದ್ರ ದೂರಸಂಪರ್ಕ ಇಲಾಖೆಯ ‘ಸಂಚಾರ್ ಸಾಥಿ’ಯಲ್ಲಿ ಫೋನನ್ನು ಬ್ಲಾಕ್ ಮಾಡಿಸಿ. ಅಲ್ಲಿ ಕೇಳುವುದು ದೂರಿನ ಪ್ರತಿ, ಐಎಂಇಐ, ಗುರುತಿನ ಚೀಟಿ, ಬಿಲ್. ಮನೆಯಲ್ಲಿಟ್ಟ ಚೀಟಿ ಕೆಲಸಕ್ಕೆ ಬರುವುದು ಇಲ್ಲೇ. ಬ್ಲಾಕ್ ಆದ ಫೋನು ದೇಶದ ಯಾವ ನೆಟ್‌ವರ್ಕ್‌ನಲ್ಲೂ ನಡೆಯದು. ಮರಳಿ ಸಿಕ್ಕಿದರೆ ಕೋರಿಕೆ ಸಂಖ್ಯೆ ಹಾಕಿ ಬಿಡಿಸಿಕೊಳ್ಳಬಹುದು.

ಪೊಲೀಸರು ವಶಪಡಿಸಿಕೊಂಡ ಫೋನನ್ನು ಪ್ರಕರಣ ಮುಗಿಯುವವರೆಗೆ ಕಾಯದೆ, ನ್ಯಾಯಾಲಯಕ್ಕೆ ಅರ್ಜಿ ಹಾಕಿ, ಮುಚ್ಚಳಿಕೆ ಬರೆದುಕೊಟ್ಟು ಪಡೆಯುವ ದಾರಿಯಿದೆ. ಜಪ್ತಿಯಾದ ವಸ್ತುಗಳು ಠಾಣೆಯಲ್ಲೇ ಕೊಳೆಯಬಾರದೆಂದು ಸುಪ್ರೀಂ ಕೋರ್ಟ್ 2002ರಲ್ಲೇ ಹೇಳಿದೆ.

ನಿಮಗೇ ಒಂದು ಫೋನ್ ಸಿಕ್ಕರೆ?

ಮರಳಿನಲ್ಲಿ ಬಿದ್ದ ಫೋನನ್ನು ಮಾಲೀಕರಿಗೆ ತಲುಪಿಸಲೆಂದು ಎತ್ತಿಕೊಂಡರೆ ತಪ್ಪಲ್ಲ. ಆದರೆ ತೆರೆಯ ಮೇಲೆ ‘ಅಮ್ಮ’ ಎಂದು ಕರೆ ಬರುತ್ತಿರುವಾಗಲೇ ಸ್ವಿಚ್ ಆಫ್ ಮಾಡಿ ಜೇಬಿಗಿಳಿಸಿದರೆ, ‘ಯಾರದ್ದೋ ಗೊತ್ತಿರಲಿಲ್ಲ’ ಎಂಬ ಮಾತು ನಿಲ್ಲದು. ಭಾರತೀಯ ನ್ಯಾಯ ಸಂಹಿತೆಯ ಕಲಂ 314ರಡಿ ಅದು ದುರ್ಬಳಕೆ. ಕನಿಷ್ಠ 6 ತಿಂಗಳು, ಗರಿಷ್ಠ 2 ವರ್ಷ ಜೈಲು ಮತ್ತು ದಂಡ. ಹತ್ತಿರದ ಠಾಣೆಗೆ ಕೊಟ್ಟು ಸ್ವೀಕೃತಿ ಪಡೆಯಿರಿ.

ನೀರು ಹೊಕ್ಕರೆ

‘ವಾಟರ್‌ಪ್ರೂಫ್’ ಎಂದು ನಂಬಿ ಸಮುದ್ರಕ್ಕೆ ಇಳಿಸಬೇಡಿ. ಐಪಿ68ರಂಥ ನೀರು ತಡೆಯುವ ರೇಟಿಂಗ್‌ಗಳ ಪರೀಕ್ಷೆ ನಡೆಯುವುದು ಸಿಹಿನೀರಿನಲ್ಲಿ. ಉಪ್ಪುನೀರು ಚಾರ್ಜಿಂಗ್ ಪೋರ್ಟನ್ನು ತಿನ್ನುತ್ತದೆ. ನೀರಿನಿಂದಾದ ಹಾನಿಯನ್ನು ವಾರಂಟಿ ಕರಾರು ಸಾಮಾನ್ಯವಾಗಿ ಹೊರಗಿಡುತ್ತದೆ. ಹಾಗೆಂದು ಕಂಪನಿ ಜಾಹೀರಾತಿನಲ್ಲಿ ಏನು ಬೇಕಾದರೂ ತೋರಿಸಬಹುದು ಎಂದಲ್ಲ. ಕಡಲಲ್ಲಿ, ಈಜುಕೊಳದಲ್ಲಿ ಫೋನ್ ಬಳಸಬಹುದೆಂದು ಬಿಂಬಿಸಿದ ಜಾಹೀರಾತುಗಳಿಗಾಗಿ ಆಸ್ಟ್ರೇಲಿಯಾದ ಫೆಡರಲ್ ಕೋರ್ಟ್ 2022ರಲ್ಲಿ ಸ್ಯಾಮ್‌ಸಂಗ್‌ನ ಅಲ್ಲಿನ ಕಂಪನಿಗೆ 1.4 ಕೋಟಿ ಆಸ್ಟ್ರೇಲಿಯನ್ ಡಾಲರ್ ದಂಡ ಹಾಕಿತು. ನಮ್ಮಲ್ಲೂ ದಾರಿ ತಪ್ಪಿಸುವ ಜಾಹೀರಾತಿನ ವಿರುದ್ಧ 2019ರ ಗ್ರಾಹಕ ಸಂರಕ್ಷಣಾ ಕಾಯ್ದೆ ಇದೆ. ಮೊದಲು ಗ್ರಾಹಕ ಸಹಾಯವಾಣಿ 1915ಕ್ಕೆ ಕರೆ ಮಾಡಿ. ಆಗದಿದ್ದರೆ ನೀವು ವಾಸವಿರುವ ಜಿಲ್ಲೆಯ ಗ್ರಾಹಕ ಆಯೋಗಕ್ಕೆ 2 ವರ್ಷದೊಳಗೆ ದೂರು. ಕೊಟ್ಟ ಬೆಲೆ 5 ಲಕ್ಷದೊಳಗಿದ್ದರೆ ಶುಲ್ಕವಿಲ್ಲ, ವಕೀಲರೂ ಕಡ್ಡಾಯವಲ್ಲ. ಬಿಲ್ ಮಾತ್ರ ಬೇಕು.

ಇಷ್ಟೆಲ್ಲ ಓಡಾಟ ಬೇಡವೆನಿಸಿದರೆ ಮನೆಯವರಲ್ಲಿ ಒಬ್ಬೊಬ್ಬರೇ ಸರದಿಯ ಮೇಲೆ ದಡದಲ್ಲಿ ಕುಳಿತು ಚುರುಮುರಿ ತಿನ್ನುತ್ತಾ ಫೋನ್ ಕಾಯಲಿ. ಚೀಟಿ ಹೇಗೂ ಮನೆಯಲ್ಲಿರುತ್ತದೆ.