ಮಳೆ ಅಲ್ಲೆಲ್ಲೋ, ಪ್ರವಾಹ ಇಲ್ಲಿ: ಮರುಭೂಮಿ ಕಣಿವೆಯ ಲೆಕ್ಕ

ಅರಿಜೋನಾದಲ್ಲಿ ಎಂಎಸ್ ಓದ್ತಿರೋ ನನ್ನ ದೊಡ್ಡಮ್ಮನ ಮಗಳು ಹೋದ ಆಗಸ್ಟ್‌ನಲ್ಲಿ ಸ್ನೇಹಿತರ ಜೊತೆ ಯೂಟಾ ರಾಜ್ಯದ ಜಾಯನ್ ನ್ಯಾಷನಲ್ ಪಾರ್ಕ್‌ಗೆ ಹೋಗಿದ್ದಳು. ಅಲ್ಲಿ 'ನ್ಯಾರೋಸ್' ಅನ್ನೋ ಇಕ್ಕಟ್ಟಾದ ಕಣಿವೆಯಲ್ಲಿ ಇಡೀ ದಿನ ನಡೆಯೋದು ಪ್ಲಾನ್. ಅಲ್ಲಿ ಬೇರೆ ದಾರಿ ಇಲ್ಲ, ವರ್ಜಿನ್ ನದಿಯ ನೀರೇ ದಾರಿ. ಎರಡೂ ಕಡೆ ಸುಮಾರು 300 ಮೀಟರ್ ಎತ್ತರದ ಕಲ್ಲಿನ ಗೋಡೆ, ಕೆಲವು ಕಡೆ ಅಗಲ 6ರಿಂದ 9 ಮೀಟರ್ ಅಷ್ಟೇ.

ಬೆಳಿಗ್ಗೆ ನೋಡಿದರೆ ತುಂತುರು ಮಳೆ. ಫ್ಲ್ಯಾಶ್ ಫ್ಲಡ್ ಮುನ್ಸೂಚನೆ 'ಪ್ರಾಬಬಲ್' ಅಂತ ಇತ್ತು. ಆದರೆ ನ್ಯಾರೋಸ್ ಮುಚ್ಚಿರಲಿಲ್ಲ, ಯಾರೂ ತಡೆಯುತ್ತಿರಲಿಲ್ಲ, ನೀರಲ್ಲಿ ನಡೆಯೋ ಶೂಗಳಿಗೆ ಬಾಡಿಗೆಯನ್ನೂ ಕೊಟ್ಟಾಗಿತ್ತು. ಸ್ವಲ್ಪ ವಾದ ಆಗಿ, ಕೊನೆಗೆ ಪ್ಲಾನ್ ಬದಲಾಯಿತು. ಅಗಲವಾದ ಕಣಿವೆಯಲ್ಲಿರೋ ಪಾರುಸ್ ಟ್ರೇಲ್‌ನಲ್ಲಿ ನಡೆದು ಬಂದರು. ಹೋಗಿ ಬರೋಕೆ ಸುಮಾರು 5.6 ಕಿ.ಮೀ., ವೀಲ್‌ಚೇರ್ ಕೂಡ ಹೋಗುವಂಥ ಸಮತಟ್ಟಾದ ದಾರಿ. ಅವತ್ತು ನ್ಯಾರೋಸ್‌ನಲ್ಲಿ ಪ್ರವಾಹ ಬರಲೇ ಇಲ್ಲ.

ವಿಡಿಯೋ ಕಾಲ್‌ನಲ್ಲಿ ನಾನು ನಕ್ಕೆ. "ಏನಕ್ಕಾ, ಅಷ್ಟು ದೂರ ಹೋಗಿ ಪಾರ್ಕಲ್ಲಿ ವಾಕಿಂಗ್ ಮಾಡ್ಕೊಂಡು ಬಂದ್ಯಾ?" ಅಂದೆ. ಅವಳು, "ನೀನೂ ಇಂಜಿನಿಯರಿಂಗ್ ಓದ್ತಿದೀಯಲ್ಲ, ಲೆಕ್ಕ ಹಾಕಿ ನೋಡು, ಆಮೇಲೆ ನಗು" ಅಂದಳು. ಹಾಕಿದೆ. ಅದೇ ಈ ಲೇಖನ.

ಮರುಭೂಮಿಗೂ ಮಾನ್ಸೂನ್ ಇದೆ

ಮಾನ್ಸೂನ್ ಅಂದರೆ ನಮ್ಮ ಸ್ವತ್ತು ಅಂತ ನಾನು ತಿಳಿದಿದ್ದೆ. ಅಮೆರಿಕದ ನೈರುತ್ಯ ಭಾಗಕ್ಕೂ ಒಂದು ಮಾನ್ಸೂನ್ ಇದೆ, ಜೂನ್ ಮಧ್ಯದಿಂದ ಸೆಪ್ಟೆಂಬರ್ ಕೊನೆವರೆಗೆ. ಆದರೆ ಅದು ಮಲೆನಾಡಿನ ಜಿಟಿಜಿಟಿ ಮಳೆ ತರಹ ಅಲ್ಲ. ಬೆಳಿಗ್ಗೆ ಬಿಸಿಲು, ಮಧ್ಯಾಹ್ನ ಗುಡುಗು, ಒಂದು ಸಣ್ಣ ಪ್ರದೇಶದ ಮೇಲೆ ಮಾತ್ರ ಧೋ ಅಂತ ಸುರಿದು ನಿಂತುಬಿಡುತ್ತೆ.

ಒಣಗಿದ ನೆಲ ನೀರನ್ನು ಗಟಗಟ ಕುಡಿಯಬೇಕಲ್ವಾ? ಇಲ್ಲ. ಅಲ್ಲಿ ಬಹುಪಾಲು ಬರಿಯ ಮರಳುಕಲ್ಲು. ಮಣ್ಣಿನ ಪದರ ತೆಳು, ಗಿಡಮರ ಕಡಿಮೆ. ನೀರು ಇಂಗೋಕೆ ಸಮಯ ಬೇಕು, ಆದರೆ ಮಳೆ ಬೀಳುವ ವೇಗ ನೆಲ ಹೀರುವ ವೇಗಕ್ಕಿಂತ ಜಾಸ್ತಿ. ಉಳಿದದ್ದು ಇಳಿಜಾರಲ್ಲಿ ಓಡುತ್ತೆ. ನೂರಾರು ಸಣ್ಣ ಹಳ್ಳಗಳು ಕೊನೆಗೆ ಸೇರೋದು ಒಂದೇ ಇಕ್ಕಟ್ಟಾದ ಸೀಳಿಗೆ. ಫೋಟೋದಲ್ಲಿ ನುಣ್ಣಗೆ, ಅಲೆಅಲೆಯಾಗಿ ಕಾಣೋ ಆ ಗೋಡೆಗಳನ್ನು ಉಜ್ಜಿ ಕೆತ್ತಿದ್ದು ಮರಳು ತುಂಬಿದ ಇಂಥ ಪ್ರವಾಹಗಳೇ.

ಈಗ ಲೆಕ್ಕ

ಇದು ಒರಟು ಲೆಕ್ಕ, ಸಂಖ್ಯೆಗಳು ನಾನೇ ಇಟ್ಟುಕೊಂಡಿದ್ದು. ಕಣಿವೆಗೆ ನೀರು ಹರಿಸೋ ಕ್ಯಾಚ್‌ಮೆಂಟ್ 10 ಚದರ ಕಿ.ಮೀ. ಅನ್ನೋಣ. ಒಂದು ಗಂಟೆಯಲ್ಲಿ 25 ಮಿ.ಮೀ. ಮಳೆ.

ಬಿದ್ದ ನೀರು: 1,00,00,000 ಚದರ ಮೀಟರ್ × 0.025 ಮೀಟರ್ = 2,50,000 ಘನ ಮೀಟರ್.

ಅದರಲ್ಲಿ ಅರ್ಧ ಮಾತ್ರ ಹರಿಯುತ್ತೆ ಅಂದರೂ 1,25,000 ಘನ ಮೀಟರ್. ಒಂದು ಗಂಟೆಗೆ ಸಮವಾಗಿ ಹಂಚಿದರೆ ಸೆಕೆಂಡಿಗೆ ಸುಮಾರು 35 ಘನ ಮೀಟರ್.

ಈ ನೀರು 3 ಮೀಟರ್ ಅಗಲದ ಸೀಳಿನಲ್ಲಿ ಸೆಕೆಂಡಿಗೆ 4 ಮೀಟರ್ ವೇಗದಲ್ಲಿ ಹೋಗಬೇಕು. ಕಂಟಿನ್ಯುಟಿ ಸಮೀಕರಣ ಹಾಕಿ: ಆಳ = 35 ÷ (3 × 4), ಅಂದರೆ ಸುಮಾರು 2.9 ಮೀಟರ್. ಐದು ನಿಮಿಷದ ಹಿಂದೆ ಪಾದ ಮುಳುಗದಿದ್ದ ಜಾಗದಲ್ಲಿ ಆಳು ಮುಳುಗುವ ನೀರು. ನಿಜವಾದ ಪ್ರವಾಹ ಸಮವಾಗಿ ಹಂಚಿಕೊಂಡೂ ಬರಲ್ಲ, ಒಮ್ಮೆಲೇ ನುಗ್ಗುತ್ತೆ. ಹೋಲಿಕೆಗೆ ಹೇಳ್ತೀನಿ: ವರ್ಜಿನ್ ನದಿಯ ಹರಿವು ಸೆಕೆಂಡಿಗೆ 150 ಘನ ಅಡಿ, ಅಂದರೆ ಸುಮಾರು 4.2 ಘನ ಮೀಟರ್ ದಾಟಿದರೆ ಸಾಕು, ನ್ಯಾರೋಸ್ ಮುಚ್ಚುತ್ತಾರೆ.

ಮುಳುಗೋದಕ್ಕೂ ಮುಂಚೆ ಕಾಲು ಜಾರುತ್ತೆ. ನೀರಿನ ತಳ್ಳುವ ಬಲ ವೇಗದ ವರ್ಗಕ್ಕೆ ಅನುಗುಣವಾಗಿ ಏರುತ್ತೆ. ಅರ್ಧ ಮೀಟರ್ ನೀರಲ್ಲಿ ಎರಡು ಕಾಲುಗಳ ಒಟ್ಟು ಅಗಲ 0.3 ಮೀಟರ್, ಡ್ರ್ಯಾಗ್ ಕೋಎಫಿಷಿಯಂಟ್ 1 ಅಂದುಕೊಳ್ಳಿ. ವೇಗ ಸೆಕೆಂಡಿಗೆ 1 ಮೀಟರ್ ಇದ್ದರೆ ಬಲ 75 ನ್ಯೂಟನ್, ನಿಲ್ಲಬಹುದು. ವೇಗ 3 ಮೀಟರ್ ಆದರೆ 675 ನ್ಯೂಟನ್, ಹತ್ತಿರ ಹತ್ತಿರ 70 ಕಿಲೋ ತೂಕ ಕಾಲಿಗೆ ಅಡ್ಡ ಬಂದು ಒತ್ತಿದ ಹಾಗೆ. ಜೊತೆಗೆ ಕೆಸರು, ಕಲ್ಲು, ಮರದ ದಿಮ್ಮಿ ಬೇರೆ.

ಇನ್ನೊಂದು ಲೆಕ್ಕ: ಮಳೆ 10 ಕಿ.ಮೀ. ಮೇಲೆ ಬಿದ್ದಿದೆ ಅಂದರೆ, ಅದೇ 4 ಮೀಟರ್ ವೇಗದಲ್ಲಿ ನೀರು ನಮ್ಮ ಹತ್ತಿರ ಬರೋಕೆ ಸುಮಾರು 42 ನಿಮಿಷ ಸಾಕು. ಗೋಡೆಗಳ ನಡುವೆ ನಿಂತವರಿಗೆ ಕಾಣೋದು ತಲೆ ಮೇಲಿನ ಒಂದು ಪಟ್ಟಿ ಆಕಾಶ ಮಾತ್ರ. ಅದು ನೀಲಿಯಾಗೇ ಇರಬಹುದು.

ಎರಡು ದಿನಗಳು

1997ರ ಆಗಸ್ಟ್ 12. ಅರಿಜೋನಾದ ಪೇಜ್ ಊರಿನ ಹತ್ತಿರ, ನವಾಹೋ ಜನರ ನೆಲದಲ್ಲಿರೋ ಲೋವರ್ ಆ್ಯಂಟಿಲೋಪ್ ಕ್ಯಾನ್ಯನ್. ಕಿತ್ತಳೆ ಬಣ್ಣದ ಗೋಡೆಗಳ ಫೋಟೋ ನೀವೂ ನೋಡಿರ್ತೀರಿ. ಅಲ್ಲಿ ಹೆಚ್ಚೇನೂ ಮಳೆ ಇರಲಿಲ್ಲ. ಮೈಲಿಗಟ್ಟಲೆ ದೂರ, ಮೇಲ್ಭಾಗದಲ್ಲಿ ಸುರಿದ ಗುಡುಗು ಮಳೆಯ ನೀರು ಬಂದು 11 ಪ್ರವಾಸಿಗರು ಸತ್ತರು. ಆಗಿದ್ದ ಮರದ ಏಣಿಗಳು ಕೊಚ್ಚಿಹೋದವು. ಈಗ ಬಂಡೆಗೆ ಬೋಲ್ಟ್ ಹಾಕಿ ಕೂರಿಸಿದ ಏಣಿಗಳಿವೆ, ಗೈಡ್ ಇಲ್ಲದೆ ಒಳಗೆ ಬಿಡಲ್ಲ.

2015ರ ಸೆಪ್ಟೆಂಬರ್ 14. ಇದು ಜಾಯನ್‌ನಲ್ಲೇ, ಕೀಹೋಲ್ ಕ್ಯಾನ್ಯನ್ ಅನ್ನೋ ಚಿಕ್ಕ ಸೀಳು. ಏಳು ಜನರ ಗುಂಪು ಪರ್ಮಿಟ್ ತಗೊಂಡೇ ಇಳಿದಿತ್ತು. ಏಳೂ ಜನ ಬದುಕಲಿಲ್ಲ. ಪರ್ಮಿಟ್ ಅಂದರೆ ಅನುಮತಿ ಅಷ್ಟೇ, ಅಪಾಯ ಇಲ್ಲ ಅನ್ನೋ ಸರ್ಟಿಫಿಕೇಟ್ ಅಲ್ಲ. ಇದನ್ನು ಓದಿದ ಮೇಲೆ ನನ್ನ ನಗು ನಿಂತುಹೋಯಿತು.

ಹೋಗುವವರಿಗೆ

ನಮ್ಮ ಸೀನಿಯರ್‌ಗಳಲ್ಲಿ ಕೆಲವರು ಮುಂದಿನ ವರ್ಷ ಆ ಕಡೆ ಓದೋಕೆ ಹೊರಟಿದ್ದಾರೆ. ಲಾಂಗ್ ವೀಕೆಂಡ್ ಸಿಕ್ಕರೆ ಇಂಥ ಜಾಗಗಳಿಗೆ ಹೋಗೇ ಹೋಗ್ತಾರೆ. ಅವರಿಗಾಗಿ:

1. ಅಮೆರಿಕದ ಹವಾಮಾನ ಇಲಾಖೆ ಅಲ್ಲಿನ ಪಾರ್ಕ್‌ಗಳಿಗೆ ಪ್ರವಾಹದ ಸಾಧ್ಯತೆಯನ್ನು ನಾಲ್ಕು ಹಂತದಲ್ಲಿ ಹೇಳುತ್ತೆ: ನಾಟ್ ಎಕ್ಸ್‌ಪೆಕ್ಟೆಡ್, ಪಾಸಿಬಲ್, ಪ್ರಾಬಬಲ್, ಎಕ್ಸ್‌ಪೆಕ್ಟೆಡ್. 'ಪ್ರಾಬಬಲ್' ಮೂರನೇ ಹಂತ. "ಬರಲೂಬಹುದು" ಅಂತ ಓದಬೇಡಿ, "ಬರೋ ಸಂಭವವೇ ಹೆಚ್ಚು" ಅಂತ ಓದಿ.

2. ನಿಮ್ಮ ತಲೆ ಮೇಲಿನ ಮೋಡದ ಜೊತೆ ಇಡೀ ಕ್ಯಾಚ್‌ಮೆಂಟ್‌ನ ಮೋಡವನ್ನೂ ನೋಡಿ. ಕಣಿವೆ ಒಳಗೆ ಹೋದಮೇಲೆ ಮೊಬೈಲ್ ಸಿಗ್ನಲ್ ನಂಬಬೇಡಿ.

3. ತಿಳಿ ನೀರು ಕೆಂಪಗೆ ಕದಡಿದರೆ, ಕಡ್ಡಿ ಎಲೆ ತೇಲಿ ಬಂದರೆ, ಮೇಲಿಂದ ಮೊರೆಯುವ ಸದ್ದು ಕೇಳಿದರೆ ತಕ್ಷಣ ಎತ್ತರಕ್ಕೆ ಹತ್ತಿ. ಪ್ರವಾಹದ ಜೊತೆ ಓಟದ ಪಂದ್ಯ ಬೇಡ.

4. ಎರಡನೇ ಪ್ಲಾನ್ ಮನೆಯಲ್ಲೇ ಮಾಡಿಕೊಂಡು ಹೋಗಿ. ಆ ಜಾಗ ಸೀಳಿನೊಳಗೆ ಇರಬಾರದು, ಬೇಗ ವಾಪಸ್ ಬರುವಂತಿರಬೇಕು. ಅಲ್ಲೂ ನದಿ ದಂಡೆಯಿಂದ ದೂರ ಇರಿ, ಗುಡುಗಿದರೆ ಒಳಗೆ ಸೇರಿಕೊಳ್ಳಿ. ಬೆಳಿಗ್ಗೆ ಶೂ ಹಾಕಿಕೊಂಡ ಮೇಲೆ ಚರ್ಚೆ ಶುರುಮಾಡಿದರೆ ಕೊಟ್ಟ ಬಾಡಿಗೆಯೇ ಗೆಲ್ಲುತ್ತೆ.

ಅವತ್ತು ಪ್ರವಾಹ ಬರಲಿಲ್ಲ ಅನ್ನೋ ಕಾರಣಕ್ಕೆ ಅಕ್ಕನ ನಿರ್ಧಾರ ತಪ್ಪು ಅಂತ ನಾನು ಅಂದುಕೊಂಡಿದ್ದೆ. ಆದರೆ ಅವಳು ನಿರ್ಧಾರ ಮಾಡಿದ್ದು ಬೆಳಿಗ್ಗೆ, ಆಗ ಗೊತ್ತಿದ್ದಷ್ಟನ್ನೇ ನೋಡಿ. ಸಂಜೆಯ ಫಲಿತಾಂಶ ಇಟ್ಟುಕೊಂಡು ನಾನು ಮಾರ್ಕ್ಸ್ ಹಾಕಿದ್ದೇ ತಪ್ಪು. ಮತ್ತೆ ಅವಳ ಫೋಟೋಗಳನ್ನು ನೋಡಿದೆ. ಮಳೆ ಬಂದಾಗ ಜಾಯನ್‌ನ ಕೆಂಪು ಬಂಡೆಗಳ ನೆತ್ತಿಯಿಂದ ಸ್ವಲ್ಪ ಹೊತ್ತು ಮಾತ್ರ ಜಲಪಾತಗಳು ಇಳಿಯುತ್ತವೆ. ಬಿಸಿಲಿನ ದಿನ ಬಂದವರಿಗೆ ಅವು ಕಾಣಲ್ಲ.

ಲೆಕ್ಕದ ಹಾಳೆಯ ಫೋಟೋ ತೆಗೆದು ಅಕ್ಕನಿಗೆ ಕಳಿಸಿದೆ. "ಎರಡು ಕಡೆ ಯೂನಿಟ್ ಬರೆದಿಲ್ಲ, ಅರ್ಧ ಮಾರ್ಕ್ಸ್ ಕಟ್" ಅಂತ ರಿಪ್ಲೈ ಬಂತು.