ಪಾಳಿಯ ಜಗಳದಿಂದ ಹುಟ್ಟಿದ ರಾಜಕಾರಣ



ಕಬ್ಬು ಕಡಿದ ಮೇಲೆ ಸಾಗಿಸಲು ತಡವಾದರೆ ತೂಕ ಇಳಿಯುತ್ತದೆ, ಸಕ್ಕರೆಯ ಅಂಶವೂ ಕುಂದುತ್ತದೆ. ಆದುದರಿಂದ ಯಡ್ರಾವ, ಶಿರೋಳ ಭಾಗದ ನಮಗೆಲ್ಲ ಕಡಿತದ ಪಾಳಿ, ತೂಕದ ಕಾಟಾ, ಬಿಲ್ಲು ಈ ಮೂರೂ ಹೊಟ್ಟೆಯ ಮಾತುಗಳು. ಇಂಥದೇ ಒಂದು ಪಾಳಿಯ ಜಗಳದಿಂದ ಕೆನಡಾ ದೇಶದ ಒಂದು ಪ್ರಾಂತದಲ್ಲಿ ರೈತರ ರಾಜಕಾರಣ ಬೆಳೆದು ಬಂತು. ಆ ಕಥೆಯನ್ನು ಈ ವಾರ ತಿಳಿಯೋಣ.

ಆ ಪ್ರಾಂತದ ಹೆಸರು ಸಸ್ಕಾಚೆವಾನ್. ಅದರ ದಕ್ಷಿಣ ಭಾಗವೆಲ್ಲ ಹುಲ್ಲುಗಾವಲಿನ ಬಯಲು; ಗೋದಿ ಮುಖ್ಯ ಬೆಳೆ. ಮೂಲನಿವಾಸಿಗಳು ಬಾಳಿದ ಆ ನೆಲವನ್ನು ಸರಕಾರವು ಹೊರಗಿನಿಂದ ಬಂದವರಿಗೆ 160 ಎಕರೆಯಂತೆ ಹಂಚಿತು. ಬೆಳೆಯೇನೋ ಬಂತು. ಆದರೆ ಸಾಗಿಸುವ ರೈಲು ಕಂಪನಿಯದು, ಕಾಳು ತುಂಬುವ ಕೋಠಿ ವ್ಯಾಪಾರಿಗಳದು. ರೈಲು ಡಬ್ಬಿಗಳು ಮೊದಲು ಅವರ ಪಾಲಿಗೇ ಹೋಗುತ್ತಿದ್ದವು. ರೈತರು 1901ರಲ್ಲಿ ಸಂಘ ಕಟ್ಟಿದರು. ಹೆಸರು ಬರೆಸಿದ ಪಾಳಿಯಂತೆಯೇ ಡಬ್ಬಿ ಕೊಡಬೇಕೆಂಬ ಕಾಯದೆ ಬಂತು. ಅದನ್ನು ಮುರಿದ ಸಿಂಟಲೂಟಾ ಸ್ಟೇಶನ್ನಿನ ಏಜಂಟನ ಮೇಲೆ 1902ರಲ್ಲಿ ದಾವೆ ಹೂಡಿ ಗೆದ್ದರು.

1905ರಲ್ಲಿ ಸಸ್ಕಾಚೆವಾನ್ ಪ್ರತ್ಯೇಕ ಪ್ರಾಂತವಾಯಿತು. ಅದೇ ವರ್ಷ ನಮ್ಮ ಗದಗ ತಾಲೂಕಿನ ಕಣಗಿನಹಾಳದಲ್ಲಿ ಸಿದ್ದನಗೌಡ ಸಣ್ಣರಾಮನಗೌಡ ಪಾಟೀಲರ ಮುಂದಾಳುತನದಲ್ಲಿ ಸಹಕಾರಿ ಪತ್ತಿನ ಸಂಘ ಹುಟ್ಟಿತೆಂಬುದು ನೆನಪಿಡತಕ್ಕ ಮಾತು.

1924ರಲ್ಲಿ ಅಲ್ಲಿಯ ರೈತರು 'ಗೋದಿ ಪೂಲ್' ಎಂಬ ಸಹಕಾರಿ ಮಾರಾಟ ಸಂಘ ತೆರೆದರು. ಐದು ವರ್ಷ ಗೋದಿಯನ್ನು ಸಂಘಕ್ಕೇ ಹಾಕುತ್ತೇವೆಂದು ಸಭಾಸದರು ಕರಾರು ಬರೆದುಕೊಟ್ಟರು. ಸಭೆಯಲ್ಲಿ ಲೆಕ್ಕ ಕೇಳಿ ಪಳಗಿದವರು ಸರಕಾರದ ಲೆಕ್ಕವನ್ನೂ ಕೇಳತೊಡಗಿದರು. 1944ರ ಚುನಾವಣೆಯಲ್ಲಿ ಟಾಮಿ ಡಗ್ಲಸ್ ಎಂಬವರ ಪಕ್ಷ ಗೆದ್ದಿತು. 1947ರಿಂದ ತಲೆಗೆ ವರ್ಷಕ್ಕೆ ಐದು ಡಾಲರ್ ಪಟ್ಟಿಯ ಮೇಲೆ ಎಲ್ಲರಿಗೂ ಆಸ್ಪತ್ರೆಯ ವಿಮೆ ದೊರೆಯಿತು. 1962ರಲ್ಲಿ ಡಾಕ್ಟರರ ಫೀಯೂ ವಿಮೆಯೊಳಗೆ ಬಂತು. ಡಾಕ್ಟರರು 23 ದಿನ ಮುಷ್ಕರ ಹೂಡಿದರೂ ಯೋಜನೆ ನಿಂತಿತು. ಮುಂದೆ ಇಡೀ ಕೆನಡಾ ಅದನ್ನು ಅನುಸರಿಸಿತು.

ಆದರೆ ಕಥೆ ಇಲ್ಲಿಗೇ ಮುಗಿಯುವುದಿಲ್ಲ. 1996ರಲ್ಲಿ ಪೂಲಿನ ಶೇರುಗಳು ಶೇರುಪೇಟೆಗೆ ಬಂದವು. ವಿಸ್ತಾರಕ್ಕೆಂದು ಮಾಡಿದ ಸಾಲ ಬೆಟ್ಟವಾಯಿತು. 2005ರಲ್ಲಿ ಅದು ಸಾಮಾನ್ಯ ಕಂಪನಿಯಾಯಿತು. 2007ರಲ್ಲಿ ಹೆಸರೂ ಬದಲಾಯಿತು. ಅಜ್ಜಂದಿರು ಕಟ್ಟಿದ ಸಂಘ ಮೊಮ್ಮಕ್ಕಳ ಕೈಯಲ್ಲಿ ಉಳಿಯಲಿಲ್ಲ.

ಇನ್ನು ನಮ್ಮ ಸೀಮೆ. ಕೊಲ್ಹಾಪುರ ಸಂಸ್ಥಾನದಲ್ಲಿ ಶಾಹು ಮಹಾರಾಜರು ಶಿಕ್ಷಣಕ್ಕೂ ನೀರಾವರಿಗೂ ಮಹತ್ವ ಕೊಟ್ಟರು. ಆದರೂ ಆಡಳಿತ ಪ್ರಜೆಗಳ ಕೈಯಲ್ಲಿರಲಿಲ್ಲ. ಅದಕ್ಕಾಗಿ 1939ರಲ್ಲಿ ಪ್ರಜಾ ಪರಿಷತ್ತು ಹುಟ್ಟಿತು. 1949ರ ಮಾರ್ಚ್ 1ರಂದು ಸಂಸ್ಥಾನವು ಮುಂಬಯಿ ಪ್ರಾಂತದಲ್ಲಿ ವಿಲೀನವಾಯಿತು. ಪರಿಷತ್ತಿನ ಹೋರಾಟಗಾರರೂ ಸಂವಿಧಾನ ಸಭೆಯ ಸದಸ್ಯರೂ ಆಗಿದ್ದ ನಿಮಶಿರಗಾಂವದ ರತ್ನಪ್ಪ ಕುಂಬಾರರೇ ಮುಂದೆ ಪಂಚಗಂಗಾ ಸಹಕಾರಿ ಸಕ್ಕರೆ ಕಾರಖಾನೆಯನ್ನು ಕಟ್ಟಿದರು. ಮತದ ಹಕ್ಕಿಗೆ ಹೋರಾಡಿದ ಕೈಯೇ ಕಾರಖಾನೆಗೂ ಅಡಿಗಲ್ಲು ಹಾಕಿತು.

ಸಹಕಾರಿ ಸಂಘದಲ್ಲಿ ಹತ್ತು ಶೇರಿನವನಿಗೂ ಒಂದು ಮತ, ಒಂದು ಶೇರಿನವನಿಗೂ ಒಂದೇ ಮತ. ಈ ಹಕ್ಕು ಬಳಸದಿದ್ದರೆ ತುಕ್ಕು ಹಿಡಿದ ಕುಡುಗೋಲಿನಂತೆ. ಆದುದರಿಂದ ವಾರ್ಷಿಕ ಸಭೆಯ ನೋಟೀಸು ಬಂದೊಡನೆ ಓದಿರಿ. ಮರಾಠಿ ಓದಲು ಬಾರದವರು ಶಾಲೆಗೆ ಹೋಗುವ ಮಕ್ಕಳಿಂದ ಓದಿಸಿ ಕೇಳಿರಿ. ಸಂಘದ ಸಾಲವೆಷ್ಟು, ಅದು ಯಾತಕ್ಕೆ, ತೀರಿಸುವ ದಾರಿ ಯಾವುದು ಎಂಬ ಮೂರು ಪ್ರಶ್ನೆಗಳನ್ನು ಬರೆದುಕೊಂಡು ಹೋಗಿರಿ. ಅಕ್ಕತಂಗಿಯರ ಹೆಸರಿನಲ್ಲಿ ಶೇರು ಇದ್ದರೆ ಸಭೆಗೆ ಅವರೇ ಹೋಗಲಿ.

ಬೆಳೆಗೆ ಕಾವಲು ಬೇಕೆಂದು ನಾವೆಲ್ಲ ಬಲ್ಲೆವು. ಸಂಘಕ್ಕೂ ಬೇಕು.