ಅಳಿಸುವ ಮುಂಚೆ ಲಾಗ್ ನೋಡು ಪುಟ್ಟಾ

ಏನಾದರೂ ಕೆಟ್ಟರೆ ಆ್ಯಪನ್ನೇ ಕಿತ್ತೊಗೆದು ಮತ್ತೆ ಹಾಕಿಕೊಳ್ಳುವ ಚಟ ನಿನ್ನದು. ಅದನ್ನು ಮೊದಲು ಬಿಡು. ಫೋನಿನ ಕೆಲಸ ತಾನಾಗಿ ನಡೆಸುವ ಆ್ಯಪ್ ಟಾಸ್ಕರೋ ಮ್ಯಾಕ್ರೋಡ್ರಾಯ್ಡೋ, ಯಾವುದಾದರೂ ಇರಲಿ. ಆಫೀಸಿಗೆ ಕಾಲಿಟ್ಟರೆ ಫೋನ್ ಸೈಲೆಂಟ್ ಆಗಬೇಕು, ಮನೆಗೆ ಬಂದರೆ ರಿಂಗ್ ಏರಬೇಕು, ರಾತ್ರಿ ಹನ್ನೊಂದಾದರೆ ಡು ನಾಟ್ ಡಿಸ್ಟರ್ಬ್ ಬೀಳಬೇಕು ಅಂತ ಒಂದೇ ಭಾನುವಾರ ಕೂತು ರಾಶಿ ರೂಲ್ ಬರೆದೆ. ಮೆಚ್ಚಬೇಕಾದ್ದೇ. ನಿನ್ನ ವಯಸ್ಸಿನಲ್ಲಿ ನಮಗೆ ರೇಡಿಯೋ ಗುಂಡಿ ತಿರುಗಿಸುವುದಕ್ಕೂ ಅಪ್ಪನ ಅಪ್ಪಣೆ ಬೇಕಿತ್ತು. ಆದರೆ ಸೋಮವಾರ ಸಂಜೆ ಫೋನ್ ಸೈಲೆಂಟಿನಲ್ಲೇ ಉಳಿಯಿತು. ನಿಮ್ಮಮ್ಮ ಫೋನ್ ಮಾಡಿ ಮಾಡಿ ಸುಸ್ತಾದಳು. ನೀನು ಆ್ಯಪಿಗೆ ಒಂದೇ ಸ್ಟಾರ್ ಕೊಟ್ಟು ಅಳಿಸಿದೆ. ಬರೆದ ರೂಲೆಲ್ಲ ಅದರ ಜೊತೆಗೇ ಹೋಯಿತು. ಬ್ಯಾಕಪ್ ತೆಗೆದಿಟ್ಟಿದ್ದೆಯಾ? ಗೊತ್ತಿತ್ತು ಬಿಡು.

ನಾನು ಟೆಲಿಫೋನ್ ಲೈನಿನಲ್ಲಿ ದುಡಿದವನು. ಯಾರದೋ ಮನೆಯಲ್ಲಿ ಡಯಲ್ ಟೋನ್ ಇಲ್ಲವೆಂದು ದೂರು ಬಂದರೆ ಇಡೀ ತಂತಿ ಕಿತ್ತು ಹೊಸದು ಎಳೆಯುತ್ತಿರಲಿಲ್ಲ. ನಡುದಾರಿಯಲ್ಲಿ ಮನೆಮನೆಗೆ ತಂತಿ ಕವಲೊಡೆಯುವ ಡಿಪಿ ಬಾಕ್ಸ್ ಇರುತ್ತಿತ್ತು. ಅಲ್ಲಿ ಹ್ಯಾಂಡ್‌ಸೆಟ್ ಸಿಕ್ಕಿಸಿ ಕಿವಿಗಿಡುವುದು. ಟೋನ್ ಬಂದರೆ ದೋಷ ಮನೆಯ ಕಡೆ, ಬರದಿದ್ದರೆ ಎಕ್ಸ್‌ಚೇಂಜಿನ ಕಡೆ. ಅರ್ಧ ಕೆಲಸ ಅಲ್ಲಿಗೇ ಮುಗಿಯಿತು. ನಿನ್ನ ರೂಲನ್ನೂ ಹಾಗೇ ನಡುವೆ ಮುರಿದು ನೋಡು. ರೂಲ್ ಅಂದರೆ ಎರಡೇ ತುಂಡು: ಯಾವಾಗ ಮಾಡಬೇಕು, ಏನು ಮಾಡಬೇಕು. ಎರಡನೆಯದನ್ನು ಕೈಯಿಂದಲೇ ಓಡಿಸು, ಅದಕ್ಕೊಂದು ಬಟನ್ ಇದ್ದೇ ಇರುತ್ತದೆ. ಒತ್ತಿದೊಡನೆ ಫೋನ್ ಸೈಲೆಂಟ್ ಆಯಿತೋ, ಆ ತುಂಡು ಸರಿಯಿದೆ, ತೊಂದರೆ 'ಯಾವಾಗ' ಎಂಬುದರಲ್ಲಿ. ಆಗಲಿಲ್ಲವೋ, ಅನುಮತಿ ಕೊಟ್ಟಿಲ್ಲ ಅನ್ನು. ಡು ನಾಟ್ ಡಿಸ್ಟರ್ಬ್ ಮುಟ್ಟಲು ಬೇರೆ ಅನುಮತಿ, ಬ್ರೈಟ್‌ನೆಸ್‌ನಂಥ ಸಿಸ್ಟಂ ಸೆಟ್ಟಿಂಗ್ ಬದಲಿಸಲು ಇನ್ನೊಂದು. ಇನ್‌ಸ್ಟಾಲ್ ಮಾಡುವಾಗ ಕೇಳಿದ್ದಕ್ಕೆಲ್ಲ 'ಆಮೇಲೆ' ಅಂತ ಒತ್ತುತ್ತಾ ಹೋದವನು ನೀನೇ ತಾನೇ?

ಲಾಗ್ ಅಂತ ಒಂದಿದೆ, ಅದನ್ನು ತೆರೆದು ಓದು. ಯಾವ ರೂಲ್ ಎಷ್ಟು ಗಂಟೆಗೆ ಎದ್ದಿತು, ಎಷ್ಟಕ್ಕೆ ಮಲಗಿತು, ಸಾಲು ಸಾಲಾಗಿ ಬರೆದಿರುತ್ತದೆ. ಐದು ನಿಮಿಷದ ಓದು. ನೀನು ಅದನ್ನು ಬಿಟ್ಟು ಸಿಕ್ಕಸಿಕ್ಕ ವಿಡಿಯೋ ನೋಡಿ, ಅವರು ಹೇಳಿದ ಏಳೂ ಸೆಟ್ಟಿಂಗ್ ಒಟ್ಟಿಗೇ ಬದಲಿಸುತ್ತೀಯ. ಸರಿಹೋದರೆ ಯಾವುದರಿಂದ ಸರಿಹೋಯಿತು ಗೊತ್ತಿಲ್ಲ, ಕೆಟ್ಟರೆ ಯಾವುದರಿಂದ ಕೆಟ್ಟಿತು ಗೊತ್ತಿಲ್ಲ. ಆತುರಗಾರನಿಗೆ ಬುದ್ಧಿ ಮಟ್ಟ ಅಂತ ಹಿರಿಯರು ಸುಮ್ಮನೆ ಹೇಳಲಿಲ್ಲ. ಒಂದು ಬದಲಿಸು, ಒಂದು ದಿನ ನೋಡು, ಆಮೇಲೆ ಇನ್ನೊಂದು.

ಇನ್ನು ನಿನ್ನ ಪರೀಕ್ಷೆಯ ಚಂದ. ಮೇಜಿನ ಮೇಲೆ ಫೋನ್, ಅದಕ್ಕೆ ಚಾರ್ಜರ್ ವೈರ್, ಸ್ಕ್ರೀನ್ ಆನ್. ಆಗ ಎಲ್ಲವೂ ಲಕಲಕ ಅಂತ ನಡೆಯುತ್ತದೆ. ಜೇಬಿಗೆ ಹೋದಮೇಲೆ ನಿಂತುಹೋಗುತ್ತದೆ. ಇದರಲ್ಲಿ ಮಾಟಮಂತ್ರ ಏನೂ ಇಲ್ಲ. 2015ರಲ್ಲಿ ಬಂದ ಆಂಡ್ರಾಯ್ಡ್ 6ರಿಂದ ಫೋನಿಗೆ 'ಡೋಜ್' ಎಂಬ ಕೋಳಿನಿದ್ದೆ ಕಲಿಸಿದ್ದಾರೆ. ಚಾರ್ಜರ್ ಇಲ್ಲದೆ, ಸ್ಕ್ರೀನ್ ಆರಿ ಸ್ವಲ್ಪ ಹೊತ್ತು ಬಿದ್ದಿದ್ದರೆ ಬ್ಯಾಟರಿ ಉಳಿಸಲು ಆ್ಯಪ್‌ಗಳ ಕೆಲಸವನ್ನು ಮುಂದಕ್ಕೆ ತಳ್ಳುತ್ತದೆ. ಚಾರ್ಜರ್ ಸಿಕ್ಕಿಸಿದ್ದರೆ ಆ ನಿದ್ದೆಯೇ ಇಲ್ಲ. ನೀನು ಮಾಡಿದ ಪರೀಕ್ಷೆ ಎಲ್ಲ ಫೋನ್ ಎಚ್ಚರವಾಗಿದ್ದಾಗ, ತಪ್ಪಿದ್ದೆಲ್ಲ ಅದು ಮಲಗಿದಾಗ. ಸೆಟ್ಟಿಂಗ್ಸಿನಲ್ಲಿ ಆ ಆ್ಯಪಿನ ಬ್ಯಾಟರಿ ಪುಟಕ್ಕೆ ಹೋಗಿ 'ಅನ್‌ರೆಸ್ಟ್ರಿಕ್ಟೆಡ್' ಮಾಡು. ಕೆಲವು ಕಂಪನಿಯ ಫೋನುಗಳಲ್ಲಿ 'ಆಟೋಸ್ಟಾರ್ಟ್' ಅಂತ ಇನ್ನೊಂದು ಬೀಗವೂ ಇರುತ್ತದೆ, ಅದನ್ನೂ ತೆಗಿ.

ಆಮೇಲೆ, ಎರಡು ನಿಮಿಷಕ್ಕೊಮ್ಮೆ ತೆರೆದ ಆ್ಯಪನ್ನೆಲ್ಲ ಬೆರಳಲ್ಲಿ ಗುಡಿಸಿ ಹಾಕುತ್ತೀಯಲ್ಲ, ಅದೇನು ಶುದ್ಧಾಚಾರವೋ! ಕೆಲವು ಫೋನುಗಳಲ್ಲಿ ಹಾಗೆ ಗುಡಿಸಿದರೆ ಹಿಂದೆ ಕೂತು ದುಡಿಯುತ್ತಿದ್ದ ಆ್ಯಪೂ ಸತ್ತುಹೋಗುತ್ತದೆ. 'ಫೋರ್ಸ್ ಸ್ಟಾಪ್' ಒತ್ತಿದರಂತೂ ನೀನಾಗಿ ಮತ್ತೆ ತೆರೆಯುವವರೆಗೂ ಅದು ಏಳುವುದಿಲ್ಲ. ಮೇಲುಗಡೆ ಯಾವಾಗಲೂ ಕೂತಿರುವ ಆ ಪುಟ್ಟ ನೋಟಿಫಿಕೇಶನ್ ನೋಡಿ ಕಿರಿಕಿರಿಪಡಬೇಡ. ಆ್ಯಪ್ ಬದುಕಿದೆ ಅನ್ನುವುದಕ್ಕೆ ಅದೇ ಗುರುತು.

ಜಾಗ ನೋಡಿ ನಡೆಯುವ ರೂಲಿಗೆ ಬೇರೆಯೇ ತಾಳ್ಮೆ ಬೇಕು. ಮನೆ ಸುತ್ತ ಇಪ್ಪತ್ತು ಮೀಟರ್ ಗೆರೆ ಎಳೆದು, ಗೇಟು ತೆಗೆದ ಕ್ಷಣವೇ ಫೋನ್ ಬದಲಾಗಬೇಕು ಅಂತ ನಿಂತರೆ ಹೇಗೆ? ಇಂಥ ಗೆರೆ ಕನಿಷ್ಠ 100ರಿಂದ 150 ಮೀಟರ್ ಇರಲಿ ಅಂತ ಗೂಗಲ್ಲೇ ಆ್ಯಪ್ ಬರೆಯುವವರಿಗೆ ಹೇಳುತ್ತದೆ. ಫೋನ್ ಜೇಬಿನಲ್ಲಿದ್ದಾಗ ಎರಡು ಮೂರು ನಿಮಿಷ ತಡವಾಗುವುದೂ ಸಹಜವೇ. ಲೊಕೇಶನ್ ಅನುಮತಿಯಲ್ಲೂ 'ಆ್ಯಪ್ ಬಳಸುವಾಗ ಮಾತ್ರ' ಅಂತ ಕೊಟ್ಟಿದ್ದರೆ ಪ್ರಯೋಜನವಿಲ್ಲ, 'ಯಾವಾಗಲೂ' ಅಂತಲೇ ಇರಬೇಕು. ಸೋಜಿಗ ಅಂದರೆ ಮನೆಯ ವೈಫೈ ಹೆಸರು ಓದುವುದಕ್ಕೂ ಲೊಕೇಶನ್ ಅನುಮತಿ ಬೇಕು. ವೈಫೈ ಹೆಸರು ಗೊತ್ತಾದರೆ ನೀನಿರುವ ಜಾಗವೂ ಗೊತ್ತಾದ ಹಾಗಲ್ಲವೇ?

ನಿನ್ನ ಸೋಮವಾರದ ಫಜೀತಿಗೆ ನನ್ನ ಗುಮಾನಿ ಬೇರೆ. ಆಫೀಸಿಗೆ ಹೋದಾಗ ಏನು ಮಾಡಬೇಕೆಂದು ಹೇಳಿದೆ, ಹೊರಟಾಗ ಏನು ಮಾಡಬೇಕೆಂದು ಹೇಳಿದೆಯಾ? ಟಾಸ್ಕರಿನಲ್ಲಿ 'ಇಷ್ಟು ಹೊತ್ತು ಈ ಸ್ಥಿತಿ' ಎಂಬ ರೂಲಿಗೆ ಒಳಹೋಗುವುದೂ ಇದೆ, ಹೊರಬರುವುದೂ ಇದೆ. 'ಈಗ ಇದು ನಡೆಯಿತು' ಎಂಬ ಘಟನೆಯ ರೂಲಿಗೆ ಹೊರಬಾಗಿಲೇ ಇಲ್ಲ. ಘಟನೆಯ ರೂಲ್ ಹಾಕಿ ಸೈಲೆಂಟ್ ಮಾಡಿದರೆ ಬಿಡಿಸುವ ಇನ್ನೊಂದು ರೂಲನ್ನು ನೀನೇ ಬರೆಯಬೇಕು. ಜಗಳದ ರೂಲುಗಳೂ ಇರುತ್ತವೆ. ರಾತ್ರಿಯ ರೂಲ್ ಸದ್ದು ಅಡಗಿಸಿದ ಮೇಲೆ ತಡವಾಗಿ ಮನೆ ಸೇರುತ್ತೀಯ, ಮನೆಯ ರೂಲ್ ಎದ್ದು ಸದ್ದು ಏರಿಸುತ್ತದೆ. ಎರಡೂ ನಿನ್ನ ಮಾತನ್ನೇ ಕೇಳಿದವು, ಬೈದು ಫಲವಿಲ್ಲ. ಒಂದು ಹಾಳೆ ತಗೊಂಡು ಯಾವ ರೂಲ್ ಯಾವುದನ್ನು ಮುಟ್ಟುತ್ತದೆ ಅಂತ ಬರೆ. ಒಂದೇ ಸೆಟ್ಟಿಂಗಿಗೆ ಇಬ್ಬರು ಯಜಮಾನರು ಬೇಡ.

ಕೆಲವಕ್ಕೆ ಎಷ್ಟು ಹೆಣಗಿದರೂ ದಾರಿಯಿಲ್ಲ ಅನ್ನುವುದನ್ನೂ ತಿಳಿದುಕೋ. 2019ರ ಆಂಡ್ರಾಯ್ಡ್ 10ರಿಂದೀಚೆಗೆ ಹೊಸದಾಗಿ ಬರೆದ ಸಾಮಾನ್ಯ ಆ್ಯಪ್ ತಾನಾಗಿ ವೈಫೈ ಆನ್ ಆಫ್ ಮಾಡುವಂತಿಲ್ಲ. ಸುತ್ತುಬಳಸು ಉಪಾಯಗಳಿವೆ. ಕಂಪ್ಯೂಟರಿಗೆ ಸಿಕ್ಕಿಸಿ ವಿಶೇಷ ಅನುಮತಿ ಕೊಡುವ ವಿದ್ಯೆಯೂ ಇದೆ. ಅರ್ಥವಾಗಿದ್ದರೆ ಮಾಡು. ಯಾರೋ ಕೊಟ್ಟ ಕಮಾಂಡ್ ಸಾಲನ್ನು ಅರ್ಥವಿಲ್ಲದೆ ಅಂಟಿಸುವುದಾದರೆ ಬೇಡ, ಆ ಫೋನಿನಲ್ಲಿ ನಿನ್ನ ಬ್ಯಾಂಕೂ ಇದೆ.

ಮತ್ತೆ ಆ್ಯಪ್ ಹಾಕಿಕೋ. ಎರಡೇ ರೂಲ್ ಬರೆ: ಆಫೀಸು, ರಾತ್ರಿ. 'ಟೆಸ್ಟ್1', 'ಟೆಸ್ಟ್2' ಅಂತಲ್ಲ, ಓದಿದರೆ ಗೊತ್ತಾಗುವ ಹೆಸರಿಡು. ಒಂದು ವಾರ ಸರಿಯಾಗಿ ನಡೆದರೆ ಬ್ಯಾಕಪ್ ತೆಗೆದು ಮೂರನೆಯದಕ್ಕೆ ಕೈಹಾಕು. ಫೋನಿನ ದೊಡ್ಡ ಅಪ್‌ಡೇಟ್ ಬಂದಾಗಲೆಲ್ಲ ಅನುಮತಿಗಳನ್ನೂ ಬ್ಯಾಟರಿ ಪುಟವನ್ನೂ ಒಮ್ಮೆ ನೋಡಿಬಿಡು. ಮತ್ತೊಂದು: ನಿಮ್ಮಮ್ಮನ ನಂಬರಿಗೆ ಸ್ಟಾರ್ ಹಾಕಿ, ಸ್ಟಾರ್ ಇರುವವರ ಕರೆ ಡು ನಾಟ್ ಡಿಸ್ಟರ್ಬಿನಲ್ಲೂ ಬರುವ ಹಾಗೆ ಮಾಡು. ಅದಕ್ಕೆ ಯಾವ ಆ್ಯಪೂ ಬೇಡ, ಫೋನಿನಲ್ಲೇ ಇದೆ. ಇವತ್ತೇ ಮಾಡು.